ಬೀಜ ಕಾಯುವ ಔಷಧಿ, ಮಗುವಿನ ಮಿದುಳು: ಕೃಷಿ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ರಾಯದುರ್ಗ, ಮಡಕಶಿರಾ ಸೀಮೆಯ ಕೃಷಿ ಅಧಿಕಾರಿಗಳೇ,

ಶೇಂಗಾದ ಬೇರು ಕಡಿಯುವ ಗೊಣ್ಣೆ ಹುಳುವಿಗೆ ಹೆದರಿ, ಬಿತ್ತುವ ಮುಂಚೆ ಬೀಜಕ್ಕೆ ಕ್ಲೋರ್‌ಪೈರಿಫಾಸ್ ಹಚ್ಚುವುದನ್ನು ನಮ್ಮ ರೈತರು ನಿಮ್ಮಿಂದಲೇ ಕಲಿತರು. ಆ ಕೆಲಸ ನಡೆಯುವ ಜಗಲಿಗೆ ಒಮ್ಮೆ ಬನ್ನಿ. ತಾಟಿನ ಮೇಲೆ ಬೀಜ ಸುರಿದು ಬರಿಗೈಯಲ್ಲಿ ಕಲಸುವವರು ಹೆಂಗಸರು. ಅವರಲ್ಲಿ ಬಸುರಿಯರೂ ಇರುತ್ತಾರೆ. ಸೆರಗಿಗೆ ಕೈ ಒರೆಸಿ, ಅದೇ ಸೆರಗಿನಿಂದ ಪಕ್ಕದಲ್ಲಿ ಆಡುವ ಮಗುವಿನ ಮೂಗನ್ನೂ ಒರೆಸುತ್ತಾರೆ.

ಬಾಟಲಿಯ ಮೇಲೊಂದು ಬಣ್ಣದ ತ್ರಿಕೋನ ಇದೆ, ನಿಜ. ಎಷ್ಟು ಪ್ರಮಾಣ ಜೀವ ತೆಗೆಯುತ್ತದೆ ಎಂಬುದಷ್ಟೇ ಆ ಬಣ್ಣದ ಲೆಕ್ಕ. ಜೀವ ತೆಗೆಯದ, ವಾಂತಿಯನ್ನೂ ತರಿಸದ ಪ್ರಮಾಣ ಬಸಿರೊಳಗಿನ ಮಿದುಳಿಗೆ ಏನು ಮಾಡುತ್ತದೆಂದು ಅದು ಹೇಳುವುದಿಲ್ಲ. ಹುಳುವಿನ ನರಮಂಡಲ ಕೆಡಿಸಲೆಂದೇ ತಯಾರಾದ ವಿಷ ಇದು. ಅದು ತಡೆಯುವ ಕಿಣ್ವ ಮನುಷ್ಯರ ನರಗಳಲ್ಲೂ ಇದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ವಿಷವನ್ನು ಅಳೆದು, ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ವಿಷ ಹೆಚ್ಚಿದ್ದ ಮಕ್ಕಳ ಬುದ್ಧಿಮಟ್ಟ, ನೆನಪಿನ ಶಕ್ತಿ 7ನೇ ವಯಸ್ಸಿಗೆ ಕಡಿಮೆ ಇದ್ದವು ಎಂದು 2011ರಲ್ಲಿ ಪ್ರಕಟಿಸಿದರು. ಮರುವರ್ಷ 40 ಮಕ್ಕಳ ಮಿದುಳಿನ ಸ್ಕ್ಯಾನ್‌ನಲ್ಲಿ ರಚನೆಯ ವ್ಯತ್ಯಾಸವೂ ಕಂಡಿತು. ಆ ತಾಯಂದಿರು ಹೊಲದವರಲ್ಲ, ನಗರದ ಮನೆಗಳಲ್ಲಿದ್ದವರು. ನಮ್ಮವರ ಕೈಯೇ ವಿಷದಲ್ಲಿ ಅದ್ದಿರುತ್ತದೆ. ಕಾರಣ ಬೇರೆಯಾದರೂ, ಅಣುಬಾಂಬ್ ಬಿದ್ದ ಹಿರೋಶಿಮಾದಲ್ಲೂ ಬಸಿರಿನ 8ರಿಂದ 15ನೇ ವಾರದಲ್ಲಿ ವಿಕಿರಣಕ್ಕೆ ಸಿಕ್ಕ ಕೂಸುಗಳ ಮಿದುಳಿಗೇ ಹೆಚ್ಚು ಪೆಟ್ಟು ಬಿತ್ತು. ಮಿದುಳು ಕಟ್ಟಿಕೊಳ್ಳುವ ಕಾಲಕ್ಕೆ ಬಿದ್ದ ಏಟು ಆಮೇಲೆ ತುಂಬಿಬರುವಂಥದ್ದಲ್ಲ.

ಐರೋಪ್ಯ ಒಕ್ಕೂಟ 2020ರಲ್ಲಿ ಕ್ಲೋರ್‌ಪೈರಿಫಾಸ್‌ನ ಅನುಮತಿ ನಿಲ್ಲಿಸಿತು. ಅದೇ ವರ್ಷದ ಮೇನಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟ 27 ಕೀಟನಾಶಕಗಳ ಕರಡು ಪಟ್ಟಿಯಲ್ಲೂ ಇದರ ಹೆಸರಿತ್ತು. ಆದರೆ ಇದರ ಪೂರ್ತಿ ನಿಷೇಧ ಆಗಲೇ ಇಲ್ಲ, ಬಾಟಲಿ ಗೊಬ್ಬರದಂಗಡಿಯಲ್ಲಿ ಉಳಿಯಿತು.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ಎಣ್ಮಕಜೆಯ ಕನ್ನಡ ಮನೆಗಳು ನಿಮಗೆ ನೆನಪಿರಲಿ. ಅಲ್ಲಿ ಸರ್ಕಾರಿ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದು ಬೇರೆ ರಾಸಾಯನಿಕ, ಆದರೆ ಅದೂ ನರಕ್ಕೇ ಹೊಡೆಯುವಂಥದ್ದು. ವೈದ್ಯ ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಅಂದೇ ಕೂಗಿ ಹೇಳಿದ್ದರು. ಸುಪ್ರೀಂ ಕೋರ್ಟ್ ತಡೆ ಬಂದದ್ದು 2011ರಲ್ಲಿ, ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂಬ ಆದೇಶ 2017ರಲ್ಲಿ. ಅಷ್ಟರಲ್ಲಿ ಮಲಗಿದಲ್ಲೇ ದೊಡ್ಡವರಾದ ಮಕ್ಕಳಿದ್ದರು.

ಬೀಜವನ್ನು ಹುಳುವಿನಿಂದ ಕಾಯುವ ಪಾಠ ನೀವು ಊರೂರಿಗೆ ಮುಟ್ಟಿಸಿದಿರಿ. ಮಗುವನ್ನು ಔಷಧಿಯಿಂದ ಕಾಯುವ ಪಾಠವನ್ನೂ ಈ ಮುಂಗಾರಿನೊಳಗೆ ಮುಟ್ಟಿಸಿ. ಬಸುರಿ, ಬಾಣಂತಿ, ಮಕ್ಕಳನ್ನು ಬೀಜೋಪಚಾರದಿಂದ ದೂರವಿಡಿ ಎಂದು ಗಡಿಹಳ್ಳಿಗಳಲ್ಲಿ ತೆಲುಗಿನ ಜೊತೆ ಕನ್ನಡದಲ್ಲೂ ಬೋರ್ಡು ಹಾಕಿಸಿ. ಕೈಗವಸು ಕೊಡಿ. ಕ್ಲೋರ್‌ಪೈರಿಫಾಸನ್ನು ನಿಮ್ಮ ಶಿಫಾರಸಿನಿಂದಲೇ ತೆಗೆದುಹಾಕಿ.

ಇಂತಿ,
ಗಡಿನಾಡಿನ ಒಬ್ಬ ಕನ್ನಡಿಗ