ಆರ್ದ್ರತೆಯ ಅಸ್ಮಿತೆ: ಇಂದಿರಾನಗರದ ಒಂದು ಡ್ರೈಯರಿನ ತಾತ್ವಿಕ ನೆಲೆಗಳು

ಪ್ರಸ್ತುತ ಅಧ್ಯಯನವು ಇಂದಿರಾನಗರದ ಫ್ಲ್ಯಾಟೊಂದರ ಯುಟಿಲಿಟಿಯಲ್ಲಿ ಸ್ಥಿತವಾಗಿರುವ ಕಂಡೆನ್ಸರ್ ಡ್ರೈಯರನ್ನು ಆರ್ದ್ರ-ಶುಷ್ಕಗಳ ಅನುಸಂಧಾನದ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವ ವಿನಮ್ರ ಯತ್ನ. ಕ್ಷೇತ್ರಕಾರ್ಯದ ಅವಧಿ: ಆರಿದ್ರಾ ಮಳೆಯಿಂದ ಮಘೆ ಮಳೆಯವರೆಗೆ. ಮಾರ್ಗದರ್ಶಕರು: ಕಸ್ಟಮರ್ ಕೇರ್. ಫೋನು ಎತ್ತುವುದಿಲ್ಲ.

ಮೊದಲು ಪರಿಕಲ್ಪನೆ. ಈ ಯಂತ್ರಕ್ಕೆ ಹೊರಗೆ ಹೋಗುವ ಕೊಳವೆ ಇಲ್ಲ. ಡ್ರಮ್ಮಿನ ಬಿಸಿಗಾಳಿ ಬಟ್ಟೆಯ ನೀರು ಹೀರಿ ಕಂಡೆನ್ಸರಿನೊಳಗೆ ನುಗ್ಗುತ್ತದೆ. ಅದರ ಪಕ್ಕದ ಸಂದುಗಳಲ್ಲಿ ಕೋಣೆಯ ತಣ್ಣನೆ ಗಾಳಿ ಹಾಯುತ್ತದೆ. ಈ ಎರಡು ಗಾಳಿ ಬೆರೆಯಕೂಡದು. ಹಬೆ ನೀರಾಗಿ ಟ್ಯಾಂಕು ಸೇರಬೇಕು. ನಮ್ಮಲ್ಲಿ ಎರಡೂ ಗಾಳಿ ಬೆರೆತಿವೆ. ವಿದ್ವಾಂಸರು ಇದನ್ನು ‘ಗಡಿಗಳ ವಿಸರ್ಜನೆ’ ಎಂದಾರು. ನನ್ನ ಹೆಂಡತಿ ಬೂಷ್ಟು ಎನ್ನುತ್ತಾಳೆ.

ಪ್ರಮಾಣಗಳು ನಾಲ್ಕು. ಪ್ರತ್ಯಕ್ಷ: ಕಿಟಕಿ ಗಾಜು ಬೆವರುತ್ತಿದೆ. ಅನುಮಾನ: ತಾರ್ಕಿಕರಿಗೆ ಬೆಟ್ಟದ ಮೇಲೆ ಹೊಗೆ, ನಮಗೆ ಬೀರುವಿನೊಳಗೆ ಮುಗ್ಗು ವಾಸನೆ. ಉಪಮಾನ: ಮನೆ ಇಡ್ಲಿ ಪಾತ್ರೆಯಂತಿದೆ. ಶಬ್ದ: “ಸರ್, ಇದು ವೆದರ್ ಪ್ರಾಬ್ಲಮ್.” ಆದರೆ ಶಬ್ದ ಪ್ರಮಾಣವಾಗಲು ಆಡಿದವನು ಆಪ್ತನಾಗಿರಬೇಕು. ವಿಸಿಟಿಂಗ್ ಚಾರ್ಜು ಇಸಿದುಕೊಂಡು ಮುಚ್ಚಳ ಕೂಡ ಬಿಚ್ಚದೆ ಹೋದ ಮೆಕ್ಯಾನಿಕ್ ಆಪ್ತನಲ್ಲ.

ಹೀಗಾಗಿ ಪ್ರಯೋಗ. ಒದ್ದೆ ಬಟ್ಟೆ 7.4 ಕಿಲೋ, ಒಣಗಿದ ಮೇಲೆ 5. ಹೋದ ನೀರು 2.4 ಲೀಟರ್, ಟ್ಯಾಂಕಿನಲ್ಲಿ ಸಿಕ್ಕಿದ್ದು 900 ಮಿಲಿಲೀಟರ್. ಉಳಿದ ಒಂದೂವರೆ ಲೀಟರ್ ಗೋಡೆ, ಹಾಸಿಗೆ, ಪುಸ್ತಕ ಕುಡಿದಿವೆ.

ಸೋರಿಕೆ ಐದು ವಿಧ: ಫಿಲ್ಟರ್‌ಜನ್ಯ, ದ್ವಾರಜನ್ಯ, ಸೀಲ್‌ಜನ್ಯ... ಬಿಡಿ, ಇನ್ನೆರಡನ್ನು ಸಂಖ್ಯೆ ತುಂಬಲೆಂದು ಸೇರಿಸಿದ್ದೆ. ಕಂಡೆನ್ಸರ್ ಎಳೆದು ನೋಡಿದೆ. ಮೈತುಂಬ ನೂಲಿನ ಧೂಳು. ಅಂಚಿನ ರಬ್ಬರ್ ಸುರುಟಿ ಹೋಗಿತ್ತು. ಹೊಸದು ವಿದೇಶದಿಂದ ಬರಬೇಕು, ಆರು ವಾರ ಎಂದರು. ಕೂಗಳತೆಯ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಒಂದು ಕಾಲಕ್ಕೆ ಜರ್ಮನಿಯ ಎಇಜಿ ಸಹಯೋಗದಲ್ಲಿ ಮೋಟಾರುಗಳನ್ನೇ ತಯಾರಿಸುತ್ತಿತ್ತು. ಈಗ ಒಂದು ಗೇಣು ರಬ್ಬರಿಗೆ ಹಡಗು ಕಾಯಬೇಕು! ಶಿವಾಜಿನಗರದ ಗುಜರಿಗೆ ಒಯ್ದೆ. ಅಂಗಡಿಯ ಭಾಯ್ ಬೆರಳಾಡಿಸಿ, “ಗಾಳಿ ಆಚೆ ಬರ್ತೈತೆ ಸಾರ್, ಅಷ್ಟೇ” ಎಂದರು. ನನ್ನ ಮೂರು ಅಧ್ಯಾಯ ಅಲ್ಲೇ ಮುಗಿದವು.

ಇಷ್ಟಕ್ಕೂ ಈ ಪೆಟ್ಟಿಗೆ ಮನೆಗೆ ಬಂದದ್ದೇಕೆ? ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ಕಟ್ಟಡದ ‘ಎಲಿವೇಶನ್’ ಕೆಡುತ್ತದಂತೆ. ನಮ್ಮ ಸಂಘದ ಸುತ್ತೋಲೆ. ತಾರಸಿಗೆ ಬೀಗ. 1809ರಲ್ಲಿ ಬಂದಿಳಿದ ಬ್ರಿಟಿಷ್ ದಂಡಿನ ಸಿಪಾಯಿಗಳ ಅಂಗಿ ಕೂಡ ಈ ಸೀಮೆಯ ಬಿಸಿಲಲ್ಲೇ ಒಣಗಿದ್ದು. ಹಲಸೂರಿನ ಓಣಿಗಳಲ್ಲಿ ಇವತ್ತಿಗೂ ಸೀರೆಗಳು ಮಾಳಿಗೆಯಿಂದ ಇಳಿಬಿದ್ದಿವೆ, ಯಾರ ಎಲಿವೇಶನ್ನೂ ಕುಸಿದಿಲ್ಲ. ನಮ್ಮಮ್ಮ ಸಂಜೆ ಹಗ್ಗದಿಂದ ತೆಗೆದ ಬಟ್ಟೆಗೆ ಒಂದು ಬಿಸಿ ವಾಸನೆ ಇರುತ್ತಿತ್ತು. ನನ್ನ ಮಗಳಿಗೆ ಅದು ಗೊತ್ತೇ ಇಲ್ಲ.

ಮಳೆ ಬಿಟ್ಟ ದಿನ ಕೆ.ಆರ್. ಪುರದ ಅಕ್ಕ, “ಬಟ್ಟೆ ಇಲ್ಲಿಗೇ ತಗೊಂಡು ಬಾರೋ, ತಾರಸಿ ಖಾಲಿ ಇದೆ” ಎಂದಳು. ಇಂದಿರಾನಗರ ಮೆಟ್ರೋದಲ್ಲಿ ಚೀಲವನ್ನು ಸ್ಕ್ಯಾನರಿಗೆ ಹಾಕಿದೆ. ಕಾವಲಿನ ಹುಡುಗಿ ತೆಗೆಸಿ ನೋಡಿದಳು.

“ಒದ್ದೆ ಬಟ್ಟೆನಾ? ಯಾಕ್ ಸಾರ್, ನಿಮ್ ಕಡೆ ಬಿಸ್ಲು ಬರಲ್ವಾ?”