ಸೋಫಾಸನ ಮೀಮಾಂಸೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ನಡುಮನೆಗಳನ್ನು ಕುರಿತು

ಶಾಸ್ತ್ರಗ್ರಂಥವೆಂದ ಮೇಲೆ ಮೊದಲಿಗೆ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳುತ್ತೇನೆ. ವಿಷಯ: ಸೋಫಾ. ಪ್ರಯೋಜನ: ವಿವಾದಾಸ್ಪದ. ಸಂಬಂಧ: ಬೀಗರು, ಅವರು ಬರುತ್ತಾರೆಂದು ಗೊತ್ತಾದ ದಿನದಿಂದಲೇ ಈ ಶಾಸ್ತ್ರ ಹುಟ್ಟುತ್ತದೆ. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಜೇಬಿನಲ್ಲಿ 25,000 ರೂಪಾಯಿ ಇಟ್ಟುಕೊಂಡು, 60,000 ರೂಪಾಯಿಯ ಸೋಫಾದ ಮೇಲೆ ಕೂತು, ಹಾಯಾಗಿ ಒರಗಿ, ‘ಸ್ವಲ್ಪ ಮೆತ್ತಗಾಯ್ತು’ ಎಂದು ದೋಷ ಹೇಳಿ ಎದ್ದು ಬಂದವನು. ಉಳಿದವರು ಪುಟ ಮಗುಚಬಹುದು.

ಪೂರ್ವಸೂರಿಗಳ ಗ್ರಂಥಗಳನ್ನು ಜಾಲಾಡಿದರೆ ನಿರಾಸೆಯೇ ಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ ಇದೆ, ಆನೆ ಇದೆ, ಮೀನು ಹಿಡಿಯುವುದಿದೆ, ಅರಸ ಕೂರುವ ಆಸನಗಳ ವಿಚಾರವೂ ಇದೆ. ಕಂತಿನ ವಿಚಾರ ಮಾತ್ರ ಇಲ್ಲ. ಇದೇ ಜಿಲ್ಲೆಯ ಯಳಂದೂರಿನವಳೆಂದು ನಾವು ಹೆಮ್ಮೆಪಡುವ ಸಂಚಿಯ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ ಬರೆದಳು. ಗೃಹಿಣಿಯ ಧರ್ಮವನ್ನು ಅಷ್ಟು ವಿಸ್ತಾರವಾಗಿ ಹೇಳಿದ ಆಕೆಗೂ ನಡುಮನೆಯಲ್ಲಿ ‘ತ್ರೀ ಪ್ಲಸ್ ಒನ್ ಪ್ಲಸ್ ಒನ್’ ಇಡಬೇಕೋ ‘ಎಲ್ ಶೇಪ್’ ಇಡಬೇಕೋ ಎಂಬ ಧರ್ಮಸಂಕಟ ಎದುರಾಗಲಿಲ್ಲ. ಸಂಶೋಧನೆಯಲ್ಲಿ ಕಂದಕ ಎನ್ನುವುದು ಇದನ್ನೇ. ನಮ್ಮ ಹಳೆಯ ದಿವಾನ್ ಕಾಟಿನ ನಡುವೆ ಇನ್ನೊಂದು ಕಂದಕವಿದೆ. ಪ್ರಸ್ತುತ ಪ್ರಬಂಧ ಎರಡನ್ನೂ ಮುಚ್ಚಲು ಹೊರಟಿದೆ.

ಕ್ಷೇತ್ರ ಮಹಾತ್ಮೆ

ಆಸನಶಾಸ್ತ್ರಕ್ಕೆ ಇಷ್ಟು ಪ್ರಶಸ್ತವಾದ ನೆಲ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಅರಿಕುಠಾರ ಎಂಬ ಊರಿನಲ್ಲಿ ಹುಟ್ಟಿದ ಹುಡುಗನೊಬ್ಬ ಮೈಸೂರಿನ ಗದ್ದುಗೆ ಏರಿ ಚಾಮರಾಜ ಒಡೆಯರಾದರು. ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. ಹೀಗೆ ನಾಡಿಗೆ ಪೀಠಾಧಿಪತಿಯನ್ನು ಕೊಟ್ಟ ಊರೇ ಮುಂದೆ ಪೀಠ ಕಸಿಯುವ ಊರೆಂಬ ಅಪಖ್ಯಾತಿ ಹೊತ್ತಿತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ನಂಬಿಕೆಗೆ ಹೆದರಿ ದಶಕಗಳ ಕಾಲ ದೊಡ್ಡವರು ಈ ಕಡೆ ತಲೆ ಹಾಕಲು ಹಿಂದೆಮುಂದೆ ನೋಡಿದರು. ಸಿದ್ದರಾಮಯ್ಯನವರು 2013ರಿಂದ 2018ರ ಅವಧಿಯಲ್ಲಿ ಮತ್ತೆ ಮತ್ತೆ ಬಂದುಹೋಗಿ, ಐದು ವರ್ಷ ಪೂರೈಸಿ, ‘ಎಲ್ಲಿದೆ ಶಾಪ?’ ಎನ್ನುವಂತೆ ಮಾಡಿದರು. ಆಮೇಲಿನ ಚುನಾವಣೆಯಲ್ಲಿ ಅಧಿಕಾರ ಹೋಯಿತಲ್ಲ ಎಂದು ಒಂದು ಪಂಥ. 2023ರಲ್ಲಿ ತಿರುಗಿ ಬಂದಿತಲ್ಲ ಎಂದು ಇನ್ನೊಂದು ಪಂಥ. ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಈ ಸೀಮೆಯಲ್ಲಿ ಕೂರುವ ವಸ್ತುವಿಗೆ ನಾಲ್ಕು ಕಾಲಿನ ಜೊತೆಗೆ ಗ್ರಹಗತಿಯೂ ಇರುತ್ತದೆ.

ಸೋಫಾಪೂರ್ವ ಯುಗ

ತೊಟ್ಟಿಮನೆಗಳ ಕಾಲದಲ್ಲಿ ಪೀಠೋಪಕರಣ ಎಂದು ಬೇರೆ ಇರಲಿಲ್ಲ. ಊಟಕ್ಕೆ ಮಣೆ, ಮಲಗಲು ಈಚಲು ಚಾಪೆ, ಮಾತಿಗೆ ಜಗಲಿ. ಉಳಿದಂತೆ ಮನೆಯೇ ಒಂದು ಪೀಠ. ಯಾರು ಜಗಲಿಯ ಮೇಲೆ ಒಳಗೋಡೆಗೆ ಒರಗಬೇಕು, ಯಾರು ಅಂಚಿನಲ್ಲಿ ಅರ್ಧ ಕುಂಡೆ ಊರಬೇಕು, ಯಾರು ಅಂಗಳದಲ್ಲೇ ನಿಂತು ಹೇಳಬೇಕಾದದ್ದು ಹೇಳಿ ಹೊರಡಬೇಕು ಎಂಬುದೆಲ್ಲ ಗಾರೆ ಕಲಸುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಈ ಸಂವಿಧಾನವನ್ನು ಯಾರೂ ಬರೆಯಲಿಲ್ಲ; ಎಲ್ಲರಿಗೂ ಬಾಯಿಪಾಠವಿತ್ತು.

ಇಂಥ ಮನೆಯೊಳಗೆ ಸೋಫಾ ಬಂದದ್ದು ಸಣ್ಣ ಕ್ರಾಂತಿಯಲ್ಲ. ಮೂವರ ಸೋಫಾದ ಲಕ್ಷಣ ನೋಡಿ: ಎತ್ತರ ಎಲ್ಲರಿಗೂ ಒಂದೇ, ನೆಲದಿಂದ ಸುಮಾರು 18 ಇಂಚು. ನಡುವೆ ಕೈಯಿಲ್ಲ, ಗಡಿಯಿಲ್ಲ. ಅತ್ತ ಗೌಡರು ಕುಳಿತರೆ ಇತ್ತ ಕೂತಿದ್ದವರು ತಾವಾಗಿಯೇ ಒಂದಿಂಚು ಮೇಲೇಳುತ್ತಾರೆ. ಭಾಷಣ ಮಾಡದೆ ಸಮತ್ವ ತರಬಲ್ಲ ಯಂತ್ರ ಇದಕ್ಕಿಂತ ಅಗ್ಗದಲ್ಲಿ ಎಲ್ಲಿ ಸಿಕ್ಕೀತು?

ಆದರೆ ನಮ್ಮವರು ಸಾಮಾನ್ಯರಲ್ಲ. ಕ್ರಾಂತಿಗೆ ಪ್ರತಿಯಾಗಿ ಪ್ಲಾಸ್ಟಿಕ್ ಕುರ್ಚಿಯನ್ನು ಕಂಡುಕೊಂಡರು. ನಾಲ್ಕಾರು ಕುರ್ಚಿ ಒಂದರೊಳಗೊಂದು ಸೇರಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತವೆ. ಸೋಫಾ ಪೂರ್ತಿ ಖಾಲಿಯಿದ್ದರೂ ಕೆಲವರು ಬಂದಾಗ ಅಲ್ಲಿಂದ ಒಂದು ಕುರ್ಚಿ ಹೊರಬರುತ್ತದೆ. ‘ಬನ್ನಿ, ಕುಂತ್ಕಳಿ’ ಎಂಬ ಮಾತು ಎಲ್ಲರಿಗೂ ಅದೇ, ಧ್ವನಿಯೂ ಅದೇ. ಕೈ ತೋರಿಸುವ ದಿಕ್ಕು ಮಾತ್ರ ಬೇರೆ. ಬಂದವರಿಗೂ ಇದು ಗೊತ್ತು. ತೋರಿಸುವ ಮೊದಲೇ ಅವರ ಕಣ್ಣು ಕುರ್ಚಿ ಬರುವ ಬಾಗಿಲಿನ ಮೇಲಿರುತ್ತದೆ. ಹೊಸ ಆರ್‌ಸಿಸಿ ಮನೆಗೆ ಜಗಲಿ ಯಾಕಿಲ್ಲವೆಂದು ಕೇಳುವ ವಾಸ್ತುಪ್ರಿಯರು ಅಡುಗೆಮನೆಯ ಬಾಗಿಲ ಹಿಂದೆ ಹುಡುಕಬೇಕು.

ಮನೆಯವರು ಎಲ್ಲಿ ಕೂರುತ್ತಾರೆ ಎಂಬುದು ಉಪಪ್ರಶ್ನೆ. ನೆಲದ ಮೇಲೆ. ಸೋಫಾಗೆ ಬೆನ್ನು ಕೊಟ್ಟು.

ದ್ರವ್ಯ ವಿಚಾರ

ಅಂಗಡಿಗೆ ಹೋದವನಿಗೆ ಮೊದಲು ಸಿಗುವ ಮಂತ್ರ ‘ಫಾರ್ಟಿ ಡೆನ್ಸಿಟಿ ಸಾರ್’. ಅಂಗಡಿಯಾತ ಮುಷ್ಟಿ ಬಿಗಿದು ಮೆತ್ತೆಗೆ ಗುದ್ದುತ್ತಾನೆ, ನಾವೂ ಗುದ್ದುತ್ತೇವೆ, ಇಬ್ಬರೂ ತಲೆಯಾಡಿಸುತ್ತೇವೆ. ಇಲ್ಲಿ ಪಾರಿಭಾಷಿಕ ಸ್ಪಷ್ಟತೆ ಅಗತ್ಯ. ಒಂದು ಘನ ಮೀಟರ್ ಫೋಮು 32 ಕಿಲೋ ತೂಗಿದರೆ ಅದು 32 ಡೆನ್ಸಿಟಿ, 40 ಕಿಲೋ ತೂಗಿದರೆ 40. ಗುದ್ದಿದರೆ ತಿಳಿಯುವುದು ಗಟ್ಟಿತನ. ಡೆನ್ಸಿಟಿ ತಿಳಿಯಲು ತಕ್ಕಡಿ ಬೇಕು. ಎರಡೂ ಬೇರೆ ಬೇರೆ ಗುಣಗಳು. ಗಟ್ಟಿಯಾಗಿದ್ದೂ ಹಗುರವಾದ ಫೋಮು ಒಂದೆರಡು ಹಬ್ಬ ಕಳೆಯುವಷ್ಟರಲ್ಲಿ ಕುಸಿದು, ಕೂತವನಿಗೆ ಒಳಗಿನ ಮರದ ಜಾತಿಯನ್ನು ಪರಿಚಯ ಮಾಡಿಸುತ್ತದೆ.

ಆ ಮರದ್ದೇ ದೊಡ್ಡ ಕಥೆ. ಚರ್ಮದಂಥ ರೆಕ್ಸಿನ್, ಹೊಳೆಯುವ ವೆಲ್ವೆಟ್, ಗುಂಡಿ ಒತ್ತಿದ ಬೆನ್ನು ಎಲ್ಲ ಕಣ್ಣಿಗೆ ಬೀಳುತ್ತವೆ. ಹೊರುವ ಚೌಕಟ್ಟು ಯಾರಿಗೂ ಕಾಣುವುದಿಲ್ಲ. ತೇಗವೆಂದು ಹೇಳಿದ್ದು ನೀಲಗಿರಿಯಾಗಿರಬಹುದು, ನೀಲಗಿರಿ ಎಂದದ್ದು ಪೆಟ್ಟಿಗೆ ಒಡೆದ ಪೈನ್ ಹಲಗೆಯಾಗಿರಬಹುದು. ಪ್ರಮಾಣಗಳಲ್ಲಿ ಶಬ್ದಪ್ರಮಾಣವನ್ನು ನಂಬದೆ ಪ್ರತ್ಯಕ್ಷಕ್ಕೆ ಇಳಿಯುವುದು ಲೇಸು. ಮುಂದಿನ ಒಂದು ಕಾಲನ್ನು ಗೇಣುದ್ದ ಎತ್ತಿ ನೋಡಿ: ಪಕ್ಕದ ಕಾಲೂ ಕೂಡಲೇ ಜೊತೆಗೆ ಎದ್ದರೆ ಚೌಕಟ್ಟು ಗಟ್ಟಿ; ಅದು ನೆಲಕ್ಕೇ ಅಂಟಿಕೊಂಡು ಮೈ ತಿರುಚಿದರೆ ನಮಸ್ಕಾರ ಹೇಳಿ ಹೊರಡಿ. ಅಡಿಯ ಕಪ್ಪು ಬಟ್ಟೆಯ ಅಂಚು ಸರಿಸಿ ಇಣುಕಿದರೆ ಅಂಕುಡೊಂಕು ಸ್ಪ್ರಿಂಗ್ ಇದೆಯೋ, ಬರೀ ಎಲಾಸ್ಟಿಕ್ ಪಟ್ಟಿ ಇದೆಯೋ ಗೊತ್ತಾಗುತ್ತದೆ. ಇಷ್ಟು ಮಾಡುವಾಗ ಹೆಂಡತಿ ದೂರ ಹೋಗಿ ಬೇರೆಯವರ ಕಡೆಯವಳಂತೆ ನಿಲ್ಲುವುದು ಶಾಸ್ತ್ರಸಮ್ಮತ.

ಕೊನೆಗೆ ಬೆಲೆ. ಮರದ ಸೋಫಾದ ಮೇಲೆ ಜಿಎಸ್‌ಟಿ 18 ಪ್ರತಿಶತ. ‘ಬಿಲ್ ಬೇಕಾ ಸಾರ್?’ ಎಂಬ ಮೃದುವಾದ ಪ್ರಶ್ನೆ ಕಿವಿಗೆ ಬೀಳುವ ಕ್ಷಣದಲ್ಲಿ ನಾಗರಿಕನ ಆತ್ಮಸಾಕ್ಷಿಗೆ ಎಷ್ಟು ಡೆನ್ಸಿಟಿ ಇದೆ ಎಂಬುದೂ ತಿಳಿದುಬಿಡುತ್ತದೆ.

ಬಣ್ಣದ ಅಧ್ಯಾಯ ಚಿಕ್ಕದು. ಕೆನೆಬಣ್ಣ ಆರಿಸಿದವರಿಗೆ ನಮ್ಮ ಕೆಂಪು ಮಣ್ಣು ಉತ್ತರ ಕೊಡುತ್ತದೆ. ಗುಂಡ್ಲುಪೇಟೆ ಹೊಲಗಳ ಚೆಂಡುಹೂವಿನ ಹಳದಿ ಮೊಬೈಲ್ ಚಿತ್ರಕ್ಕೆ ಚಂದ, ನಡುಮನೆಗೆ ಕಷ್ಟ. ಎಲ್ಲರೂ ತರುವುದು ಕಾಫಿ ಕಂದು.

ಅನವಸ್ಥಾ ದೋಷ

ಫ್ರಾನ್ಸಿನ ದೆನಿ ದಿದರೋ ಎಂಬ ಮಹಾಪಂಡಿತ 1769ರ ಸುಮಾರಿಗೆ ಒಂದು ಗೋಳಾಟದ ಪ್ರಬಂಧ ಬರೆದ. ಯಾರೋ ಹೊಸ ನಿಲುವಂಗಿ ಕೊಟ್ಟರಂತೆ. ಅದರ ಮುಂದೆ ಹಳೆ ಕುರ್ಚಿ ಹಳೆಯದಾಗಿ ಕಂಡು ಕುರ್ಚಿ ಬದಲಾಯಿತು, ಆಮೇಲೆ ಮೇಜು, ಆಮೇಲೆ ಗೋಡೆಯ ಚಿತ್ರಗಳು. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕೆನ್ 1988ರಲ್ಲಿ ಇದಕ್ಕೆ ದಿದರೋ ಪರಿಣಾಮ ಎಂದು ಹೆಸರಿಟ್ಟ. ನಮ್ಮ ತರ್ಕಶಾಸ್ತ್ರದಲ್ಲಿ ಕೊನೆಯಿಲ್ಲದ ಇಂಥ ಸರಪಳಿಗೆ ಅನವಸ್ಥಾ ದೋಷ ಎಂಬ ಹೆಸರು ಮೊದಲಿಂದ ಇದೆ; ಚಾಮರಾಜನಗರದಲ್ಲಿ ಅದನ್ನು ‘ಹೆಂಗೂ ಮಾಡ್ತಾ ಇದೀವಿ, ಅದ್ನೂ ಒಂದ್ ಮಾಡ್ಬುಡಮ’ ಎನ್ನುತ್ತಾರೆ.

ಇದರ ನಡಿಗೆ ಹೀಗೆ. ಸೋಫಾ ಬರುತ್ತದೆಂದು ಹಿಂದಿನ ಗೋಡೆಗೆ ಮಾತ್ರ ಗಾಢ ಬಣ್ಣ ಬಳಿಸೋಣವೆಂದಾಗುತ್ತದೆ. ಪೇಂಟರ್ ಬಂದು ಗೋಡೆಗೆ ಉಗುರಿನಿಂದ ಗೀರಿ, ‘ಪುಟ್ಟಿ ಹಾಕ್ದೆ ಬಣ್ಣ ನಿಲ್ಲಕಿಲ್ಲ’ ಎನ್ನುತ್ತಾನೆ. ಪುಟ್ಟಿಗೆ ಕೆರೆದಾಗ ತೇವ ಕಾಣುತ್ತದೆ. ತೇವದ ಮೂಲ ತಾರಸಿ. ತಾರಸಿಯ ಬಿರುಕಿಗೆ ಮದ್ದು ಮಾಡುವಾಗ ಕೇಬಲ್ ಕಡಿದು ಟಿವಿ ನಿಲ್ಲುತ್ತದೆ. ಟಿವಿ ಹೇಗೂ ನಿಂತಿದೆ, ದೊಡ್ಡದು ತರೋಣ. ದೊಡ್ಡ ಟಿವಿ ಷೋಕೇಸಿನಲ್ಲಿ ಹಿಡಿಸದು. ಷೋಕೇಸ್ ತೆಗೆದರೆ ಅದರೊಳಗಿನ ಫಲಕ, ಗಾಜಿನ ಬಾತುಕೋಳಿ, ಮಗಳ ನಾಲ್ಕನೇ ತರಗತಿಯ ಕಪ್ಪುಗಳು ಎಲ್ಲಿಗೆ? ಹೊಸ ಪರದೆಯ ಹೊಲಿಗೆ ಕೂಲಿ ಕೊಡುವ ಹೊತ್ತಿಗೆ 25,000 ರೂಪಾಯಿಯ ಪೂರ್ತಿ ವಿನಿಯೋಗವಾಗಿ, ಸೋಫಾ ಇನ್ನೂ ಅಂಗಡಿಯಲ್ಲೇ ಇರುತ್ತದೆ. ಈ ಪ್ರಳಯದಲ್ಲಿ ಅಲುಗಾಡದವು ಎರಡೇ: ಮಲೆ ಮಹದೇಶ್ವರನ ಕ್ಯಾಲೆಂಡರು ಮತ್ತು ಗಡಿಯಾಚೆಯ ಗಾಜನೂರಿನಲ್ಲಿ ಹುಟ್ಟಿದರೂ ನಮ್ಮವರೇ ಆದ ಡಾ. ರಾಜ್‌ಕುಮಾರರ ಚಿತ್ರಪಟ. ಅವೆರಡರ ಮೊಳೆಗೆ ಕೈಹಾಕುವ ಒಳಾಂಗಣ ವಿನ್ಯಾಸಕ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಪೂರ್ವಪಕ್ಷಗಳ ನಿರಾಕರಣೆ

ಮೊಬೈಲಿನಲ್ಲಿ ತರಿಸಬಹುದಲ್ಲ ಎಂದು ಕಾಲೇಜು ಓದುವ ಮಗನ ಪಕ್ಷ. ಎಲ್ಲ ಆರಿಸಿ, ಗುಂಡ್ಲುಪೇಟೆಯ 571111 ಒತ್ತಿದರೆ, ‘ನಿಮ್ಮ ಪಿನ್‌ಕೋಡಿಗೆ ಸೇವೆ ಲಭ್ಯವಿಲ್ಲ’ ಎಂಬ ಅಶರೀರವಾಣಿ. ಮೈಸೂರಿನಿಂದ ತರೋಣವೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಊರುಗಳಿಂದ 60 ಕಿಲೋಮೀಟರ್ ಆಸುಪಾಸು. ಅಂಗಡಿಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದನ್ನು ಗೂಡ್ಸ್ ಆಟೋದವನು ನಂಜನಗೂಡು ದಾಟುವುದರೊಳಗೆ ವಸೂಲು ಮಾಡುತ್ತಾನೆ. ಊರಿನ ಬಡಗಿಯಿಂದಲೇ ಮಾಡಿಸುವುದು ಉತ್ತಮ ಪಕ್ಷ. ಮರ ನಮ್ಮ ಕಣ್ಣೆದುರು, ಅಳತೆ ನಮ್ಮ ಗೋಡೆಯದು. ಆದರೆ ಬಡಗಿಯ ‘ನಾಳೆ’ ಎಂಬುದು ಅನಾದಿ ಅನಂತ.

ಕೇರಳದ ಪಕ್ಷಕ್ಕೆ ಗುಂಡ್ಲುಪೇಟೆಯಲ್ಲಿ ಬಲವಿದೆ. ಒಂದು ರಸ್ತೆ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಬಂಡೀಪುರ, ಗೂಡಲೂರು ಹಾದು ನಿಲಂಬೂರಿನ ಕಡೆಗೆ. ಆ ನಿಲಂಬೂರಿನಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿ 1840ರ ದಶಕದಲ್ಲಿ ತೇಗದ ತೋಪು ನೆಡಿಸಿದ್ದ. ಅಲ್ಲಿಂದ ಬರುವ ಸೋಫಾಗಳಿಗೆಲ್ಲ ಆ ತೋಪಿನೊಡನೆ ರಕ್ತಸಂಬಂಧವಿದೆ ಎಂದು ಮಾರುವವರು ಹೇಳುತ್ತಾರೆ. ಇಂಥ ಗೋತ್ರ ಹೇಳುವವರನ್ನು ನಾವು ಮದುವೆ ಮಾತುಕತೆಗಳಲ್ಲೂ ಕಂಡಿದ್ದೇವೆ. ತೊಡಕಿರುವುದು ಕಾಲದಲ್ಲಿ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ. ಮೂಲೆಹೊಳೆಯ ಆಚೆಗೆ ಹೊತ್ತು ಮೀರಿ ನಿಂತ ಲಾರಿಯಲ್ಲಿ ಡ್ರೈವರು ರಾತ್ರಿಯಿಡೀ ನಿಮ್ಮ ಹೊಸ ಸೋಫಾದ ಮೇಲೆ ಮಲಗಿದರೆ ಅದು ಹೊಸದೋ ಹಳೆಯದೋ ಎಂಬುದನ್ನು ಧರ್ಮಶಾಸ್ತ್ರಜ್ಞರು ನಿರ್ಣಯಿಸಬೇಕು. ಆನೆಗಳಂತೂ ನಿರ್ಣಯಿಸಿಯಾಗಿದೆ: ಆ ಹೊತ್ತಿನಲ್ಲಿ ರಸ್ತೆ ಅವುಗಳದ್ದು. ಇದಕ್ಕೆ ನನ್ನ ತಕರಾರಿಲ್ಲ.

ಅಗ್ಗವೇ ಮುಖ್ಯವಾದರೆ ಆಷಾಢ ಕಾಯಬೇಕು. ಶುಭಕಾರ್ಯಕ್ಕಾಗದ ತಿಂಗಳೆಂದು ಹಿರಿಯರು ಬಾಗಿಲು ಹಾಕಿದಾಗ ಅಂಗಡಿಯವರು ರಿಯಾಯಿತಿಯ ಬಾಗಿಲು ತೆರೆಯುತ್ತಾರೆ. ಬೇರೆ ಕಡೆ ಆಷಾಢದಲ್ಲಿ ಹೊಸ ಜೋಡಿಗಳನ್ನು ಬೇರೆ ಬೇರೆ ಇಡುವುದು ರೂಢಿ. ಚಾಮರಾಜನಗರದಲ್ಲಾದರೆ ಅದೇ ತಿಂಗಳು ಚಾಮರಾಜೇಶ್ವರನ ತೇರು, ಅದಕ್ಕೆ ಹೊಸ ಜೋಡಿಗಳೇ ಒಟ್ಟಾಗಿ ಬಂದು ಹಣ್ಣು ಜವನ ಎಸೆಯಬೇಕು. ನವದಂಪತಿಗಳಿಗೇ ವಿನಾಯಿತಿ ಕೊಟ್ಟ ದೇವರು ಸೋಫಾ ವಿಷಯದಲ್ಲಿ ಮುನಿಯಲಾರನೆಂದು ಮಿತವ್ಯಯ ಪಂಥದ ವ್ಯಾಖ್ಯಾನ.

ಕೊನೆಯ ಪಕ್ಷ ಲಂಟಾನದ್ದು. ಹೂವಿನ ಚಂದಕ್ಕೆಂದು ಬ್ರಿಟಿಷರ ಕಾಲದಲ್ಲಿ ಬಂದು, ಬಂಡೀಪುರದಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಕಾಡಿನ ನೆಲವನ್ನೆಲ್ಲ ಮುಚ್ಚಿದ ಪೊದೆ ಅದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ತರಬೇತಿ ಪಡೆದ ಸೋಲಿಗರು ಅದರ ಕಾಂಡವನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ, ಬೆತ್ತದಂತೆ ಕುರ್ಚಿ, ಸೋಫಾ ಕಟ್ಟುತ್ತಾರೆ. ಕಾಡಿಗೆ ಬೇಡವಾದದ್ದು, ಕೈಗೆಟಕುವ ಬೆಲೆಯದ್ದು, ಜಿಲ್ಲೆಯದ್ದೇ. ಯಾವ ಪ್ರಮಾಣದಿಂದ ಅಳೆದರೂ ಗೆಲ್ಲಬೇಕಾದ ಪಕ್ಷ ಇದೇ, ಪ್ರಬಂಧಕಾರನ ಒಲವೂ ಇತ್ತಲೇ. ಆದರೆ ಮನೆಯ ಮಹಾಸಭೆಯಲ್ಲಿ ಅದು ಒಂದೇ ವಾಕ್ಯದಲ್ಲಿ ಬಿತ್ತು: ‘ದನ ತಿನ್ನದ ಸೊಪ್ಪಿನ್ ಮೇಲೆ ಬೀಗರ ಕುಂಡ್ರಸ್ತೀರಾ?’ ಅದೇ ಬೀಗರು ಬಂಡೀಪುರದ ರೆಸಾರ್ಟಿನಲ್ಲಿ ಅಂಥದ್ದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ ಎಂಬ ಪ್ರತಿವಾದಕ್ಕೆ ಅವಕಾಶ ಸಿಗಲಿಲ್ಲ.

ಪ್ರವೇಶ ಪ್ರಕರಣ

ಕಾಫಿ ಕಂದು, ತ್ರೀ ಪ್ಲಸ್ ಒನ್ ಪ್ಲಸ್ ಒನ್, ಕಂತಿನ ಮೇಲೆ. ಬಾಗಿಲು ಮೂರಡಿ, ಸೋಫಾ ಅದಕ್ಕೂ ಮೀರಿದ್ದು. ಕಾಲು ಬಿಚ್ಚಿ, ನೆಟ್ಟಗೆ ನಿಲ್ಲಿಸಿ, ಓರೆ ಮಾಡಿ, ಹೊಸ ಬಣ್ಣಕ್ಕೆ ಒಂದು ಗೀರು ಕೊಟ್ಟು ಹೊತ್ತವರು ಒಳಗೆ ತಂದರು. ಬೆವರು ಒರೆಸಿಕೊಂಡು ಮೆಟ್ಟಿಲ ಕಡೆ ಹೊರಟವರನ್ನು ಅಜ್ಜಿ ತಡೆದಳು. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಆಗಲೇ ಅರ್ಧ ದಾರಿಗೆ ಬಂದಿತ್ತು.

‘ಅದ್ಯಾಕ್ಲಾ ತರೀಯೆ? ಮೂರ್ ಜನವೂ ಇಲ್ಲೇ ಕುಂತ್ಕಳಿ ಕನಪ್ಪ. ಮುರ್ಯದಾದ್ರೆ ಈಗ್ಲೇ ಮುರಿಲಿ, ಗಾಡಿ ಇನ್ನೂ ಬಾಗ್ಲಲ್ಲೇ ಅದೆ.’

ಮೂವರೂ ಕೂತರು. ಚಹಾ ಬಂತು. ನಡುವಿನವನು ಒಮ್ಮೆ ಅತ್ತ ವಾಲಿ, ಒಮ್ಮೆ ಇತ್ತ ವಾಲಿ, ಕಸುಬುದಾರನ ಗಾಂಭೀರ್ಯದಲ್ಲಿ ‘ಎಡಗಡೆ ಸ್ಪ್ರಿಂಗು ಒಸಿ ಇಳಿದದೆ ಕಣಜ್ಜಿ’ ಎಂದ. ಅಂಗಡಿಗೆ ಫೋನ್ ಹಚ್ಚಲಾಯಿತು.

‘ಏನೂ ಇಲ್ಲ ಸಾರ್. ಎಲ್ಲರೂ ಕೂತು ಕೂತು ಸೆಟ್ ಆಗುತ್ತೆ.’