ತಾತನ ಲಾಡ್ಜಿನ ಬಾಕಿ

ನಿಟ್ಟೂರಿನಲ್ಲಿ ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ಗೊತ್ತಿಲ್ಲದೆ ಉಳಿಯುವುದು ಕಷ್ಟ. ಯಾರ ತೋಟದ ಬೋರಿಗೆ ಎಷ್ಟು ಇಂಚು ನೀರು ಬಿತ್ತು, ಯಾರ ಮಗಳನ್ನು ನೋಡಲು ತಿಪಟೂರು ಕಡೆಯಿಂದ ಗಂಡು ಬಂದಿತ್ತು ಎಂಬುದೆಲ್ಲ ರೈಲ್ವೆ ಸ್ಟೇಷನ್ನಿನಿಂದ ಶಾಂತೀಶ್ವರ ಬಸದಿಯವರೆಗೆ ಸಂಜೆಯೊಳಗೆ ಮುಟ್ಟಿಬಿಡುತ್ತದೆ. ಅಂಥ ಊರಿನಲ್ಲಿ, ನಿವೃತ್ತ ಮೇಷ್ಟ್ರೊಬ್ಬರ ತಾತ ಯಾವುದೋ ಗುಪ್ತ ಸಂಘದಲ್ಲಿದ್ದರಂತೆ ಎಂಬ ಸುದ್ದಿ ಅಟ್ಟದಿಂದ ಇಳಿದಾಗ ಅರಳೀಕಟ್ಟೆಯ ಹಿರಿಯರಿಗೆ ಸ್ವಲ್ಪ ಅವಮಾನವೇ ಆಯಿತು. ಇಷ್ಟು ಕಾಲ ತಮಗೆ ಗೊತ್ತಾಗದೆ ಹೋಯಿತಲ್ಲ!

ಅಟ್ಟದಿಂದ ಇಳಿದದ್ದು ನಿಜವಾಗಿ ಒಂದು ತಗಡಿನ ಟ್ರಂಕು. ತಾತ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಟ್ರಂಕಿನಲ್ಲಿ ದಪ್ಪ ಕಾಗದದ ಒಂದು ಇಂಗ್ಲಿಷ್ ಆಹ್ವಾನ ಪತ್ರಿಕೆ, ‘ಲಾಡ್ಜ್ ಚಂದಾ’ ಎಂದು ಇಂಗ್ಲಿಷಿನಲ್ಲಿ ಬರೆದ ಕೆಲವು ರಸೀತಿ, ಐದು ಮೂಲೆಯ ಒಂದು ಪುಟ್ಟ ಬೆಳ್ಳಿ ನಕ್ಷತ್ರ ಇದ್ದವು. ನಕ್ಷತ್ರ ಯಾವುದೋ ಮಗುವಿನ ಅಂಗಿಯದಿರಬೇಕೆಂದು ಗುಂಡಿ ಡಬ್ಬಿಗೆ ಹೋಯಿತು. ಎಲ್ಲರ ಕಣ್ಣು ಬಿದ್ದದ್ದು ಆಹ್ವಾನ ಪತ್ರಿಕೆಯ ಮೇಲೆ. ಅದರ ತಲೆಯಲ್ಲಿ ಮೂಲೆಮಟ್ಟ ಮತ್ತು ಕೈವಾರ ಒಂದರೊಳಗೊಂದು ಹೆಣೆದುಕೊಂಡ ಚಿತ್ರ. ಅಡಿಯಲ್ಲಿ ಯಾರದೋ ಸಹಿ, ಸಹಿಯ ಮುಂದೆ ‘ಪಿ.ಎಂ.’

ಹಿತ್ತಿಲ ಗೋಡೆ ಕಟ್ಟಲು ಬಂದಿದ್ದ ಮೇಸ್ತ್ರಿ ಅದನ್ನು ನೋಡಿ, “ಯಾವ ಕಂಟ್ರಾಕ್ಟರ್ದು ಸಾ ಇದು?” ಎಂದು ಕೇಳಿದ. ತೊಂಬತ್ತು ದಾಟಿದ ಅತ್ತೆ, “ನಮ್ಮಪ್ಪ ಅಂಥೋರಲ್ಲ ಕಣೋ” ಎಂದರು. ಎಂಥವರಲ್ಲ ಎಂದು ಬಿಡಿಸಿ ಹೇಳಲಿಲ್ಲ. ಚಿಕ್ಕಪ್ಪನ ಮಗ ಮಾತ್ರ ಸುತ್ತಿ ಬಳಸದೆ, “ಅಣ್ಣಯ್ಯ, ಗುಪ್ತ ಸಂಘ ಅಂದ್ಮೇಲೆ ನಿಧಿಗಿಧಿ ಏನಾದ್ರೂ?” ಎಂದ. ಪಿ.ಎಂ. ಎಂದರೆ ಪೋಸ್ಟ್‌ಮಾಸ್ಟರ್ ಇರಬೇಕೆಂದು ಊರು ತೀರ್ಮಾನಿಸಿತು. ಇನ್ನೊಂದು ಬಗೆಯ ಪಿ.ಎಂ. ಗುಬ್ಬಿ ತಾಲ್ಲೂಕಿಗೆ ಬಂದದ್ದು 2023ರ ಫೆಬ್ರವರಿ 6ರಂದು, ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಗೆ. ಅವರ ಸಹಿ ತಾತನ ಟ್ರಂಕಿನಲ್ಲಿರಲು ಸಾಧ್ಯವಿರಲಿಲ್ಲ.

ಚಿತ್ರ ಫ್ರೀಮೇಸನ್ನರದು. ಪಿ.ಎಂ. ಎಂದರೆ ಪಾಸ್ಟ್ ಮಾಸ್ಟರ್, ಲಾಡ್ಜಿನ ಮಾಜಿ ಮುಖ್ಯಸ್ಥ. ಕಲ್ಲುಕುಟಿಗರ ಹತಾರಗಳನ್ನು ಲಾಂಛನ ಮಾಡಿಕೊಂಡ ಈ ಸೋದರ ಸಂಘದ ಮೊದಲ ಗ್ರ್ಯಾಂಡ್ ಲಾಡ್ಜ್ ಲಂಡನ್ನಿನಲ್ಲಿ 1717ರಲ್ಲಿ ಹುಟ್ಟಿತು; 1730ರ ಹೊತ್ತಿಗೆ ಕಲ್ಕತ್ತೆಯಲ್ಲಿ ಲಾಡ್ಜ್ ಇತ್ತು. ಮುಚ್ಚಿದ ಬಾಗಿಲು, ಹೊರಗೆ ಕತ್ತಿ ಹಿರಿದು ನಿಂತ ಕಾವಲುಗಾರ, ಒಳಗೆ ಕಪ್ಪು ಬಿಳಿ ಚೌಕುಳಿ ನೆಲ, ಸೂಟಿನ ಮೇಲೆ ಏಪ್ರನ್ ಕಟ್ಟಿಕೊಂಡ ದೊರೆಗಳು. ಹೊಸಬನನ್ನು ಒಳಗೆ ಕರೆದೊಯ್ಯುವುದು ಕಣ್ಣಿಗೆ ಬಟ್ಟೆ ಕಟ್ಟಿ, ಪ್ಯಾಂಟಿನ ಒಂದು ಕಾಲು ಮೇಲಕ್ಕೆ ಮಡಚಿ. ಇದನ್ನೆಲ್ಲ ಅರ್ಧಂಬರ್ಧ ಕೇಳಿದ ಉತ್ತರದ ಜನ ಆ ಕಟ್ಟಡಗಳಿಗೆ ‘ಜಾದೂಘರ್’ ಎಂದು ಹೆಸರಿಟ್ಟರು. ಹೆಸರಿಟ್ಟವರದು ತಪ್ಪೆನ್ನಲಾಗದು.

ಮೊದಮೊದಲು ಇಂಡಿಯಾದವರನ್ನು, ಅದರಲ್ಲೂ ಹಿಂದೂಗಳನ್ನು, ಒಳಗೆ ಬಿಟ್ಟುಕೊಳ್ಳಲು ದೊರೆಗಳು ಮೀನ ಮೇಷ ಎಣಿಸಿದರು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತ ವರ್ಷಗಟ್ಟಲೆ ಅರ್ಜಿ ಹಿಡಿದು ಕಾದು 1872ರಲ್ಲಿ ಒಳಹೊಕ್ಕರು. ಹನ್ನೆರಡು ವರ್ಷದ ನಂತರ, 1884ರಲ್ಲಿ, ಅದೇ ಊರಿನ ‘ಆಂಕರ್ ಅಂಡ್ ಹೋಪ್’ ಲಾಡ್ಜಿಗೆ ನರೇಂದ್ರನಾಥ ದತ್ತ ಎಂಬ ತರುಣ ಸೇರಿದ. ಮುಂದೆ ಸ್ವಾಮಿ ವಿವೇಕಾನಂದ ಆದವರು ಅವರೇ. ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ 1884ರಲ್ಲೇ. ಎರಡಕ್ಕೂ ಸಂಬಂಧವಿಲ್ಲ, ಆದರೂ ಮೇಷ್ಟ್ರು ಇದನ್ನು ಎಲ್ಲರಿಗೂ ಹೇಳುತ್ತಾರೆ. ವಿವೇಕಾನಂದರ ಹೆಸರು ಬಂದದ್ದರಿಂದ ಅತ್ತೆಯ ಮುಖ ಗೆಲುವಾಯಿತು. ಮೋತಿಲಾಲ್ ನೆಹರೂ ಕೂಡ ಇದ್ದರೆಂದಾಗ ಮತ್ತೆ ಬಾಡಿತು. ಅವರ ಮನೆಯ ಊಟ ತಿಂಡಿಯ ಬಗ್ಗೆ ಅತ್ತೆ ಏನೇನೋ ಕೇಳಿದ್ದರು.

ಊಟದ ಪ್ರಶ್ನೆ ಸಣ್ಣದಲ್ಲ. ಲಾಹೋರಿನ ಲಾಡ್ಜಿನ ಸದಸ್ಯನಾಗಿದ್ದ ಕಿಪ್ಲಿಂಗ್ ಕೂಡ ಅದನ್ನು ಗಮನಿಸಿದ್ದ: ಎಲ್ಲ ಮತದವರೂ ಒಟ್ಟಿಗೆ ಕೂತು ಸೋದರರೆನ್ನಬಹುದು, ಆದರೆ ಒಂದೇ ಪಂಕ್ತಿಯಲ್ಲಿ ಉಣ್ಣುವಂತಿಲ್ಲ, ಜಾತಿ ಕೆಡುತ್ತದೆ. ತಾತ ಅಲ್ಲಿ ಉಂಡರೋ ಇಲ್ಲವೋ ಎಂಬುದೊಂದೇ ಅತ್ತೆಗೆ ಬೇಕಿದ್ದ ಸಂಶೋಧನೆ. ಗುಟ್ಟಿನ ಮಾತು, ಗುಟ್ಟಿನ ಕೈಕುಲುಕು ಏನಾದರೂ ಮಾಡಿಕೊಳ್ಳಲಿ.

ಗುಪ್ತ ಸಂಘವೆಂದ ಮೇಲೆ ದಾಖಲೆ ಸಿಗದೆಂದು ಮೇಷ್ಟ್ರು ಅಂದುಕೊಂಡಿದ್ದರು. ಹುಡುಕಿದರೆ ನಮ್ಮ ಸಹಕಾರ ಸಂಘಗಳಿಗಿಂತ ಅಚ್ಚುಕಟ್ಟು. ಗುಟ್ಟಾಗಿದ್ದದ್ದು ಸಂಜ್ಞೆ ಮತ್ತು ಸಂಕೇತಪದ, ಹೆಸರುಗಳಲ್ಲ. ಇಂಗ್ಲೆಂಡಿನಲ್ಲಂತೂ 1799ರ ಕಾಯಿದೆಯ ಪ್ರಕಾರ ಲಾಡ್ಜುಗಳು ಪ್ರತಿವರ್ಷ ಸದಸ್ಯರ ಪಟ್ಟಿಯನ್ನು ಸರ್ಕಾರದ ಕೈಗೆ ಕೊಡಬೇಕಿತ್ತು. ಲಂಡನ್ನಿನ ಗ್ರ್ಯಾಂಡ್ ಲಾಡ್ಜಿನ 1751ರಿಂದ 1921ರವರೆಗಿನ ರಿಜಿಸ್ಟರುಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ, ಹಣ ಕಟ್ಟಬೇಕು ಅಷ್ಟೆ. ಅದರ ಅಧೀನದಲ್ಲಿದ್ದ ಇಂಡಿಯಾದ ಲಾಡ್ಜುಗಳೂ ಅವುಗಳಲ್ಲಿವೆ. ಸೇರಿದ ತಾರೀಕು, ವಯಸ್ಸು, ವಾಸ, ಉದ್ಯೋಗ ಎಲ್ಲಕ್ಕೂ ಒಂದೊಂದು ಕಲಂ. ತೊಡಕೆಂದರೆ ಇಲ್ಲಿನ ಲಾಡ್ಜುಗಳಲ್ಲಿ ಕೆಲವು ಲಂಡನ್ನಿಗೆ, ಕೆಲವು ಎಡಿನ್‌ಬರೋಕ್ಕೆ, ಕೆಲವು ಡಬ್ಲಿನ್ನಿಗೆ ಸೇರಿದ್ದವು. 1961ರ ನವೆಂಬರ್ 24ರಂದು ರಾಂಪುರದ ನವಾಬರ ಮುಖಂಡತ್ವದಲ್ಲಿ ಇಂಡಿಯಾದ್ದೇ ಗ್ರ್ಯಾಂಡ್ ಲಾಡ್ಜ್ ಆದಾಗ, ಇಷ್ಟವಿದ್ದವು ಬಂದವು, ಇಲ್ಲದವು ಹಳೆಯ ಮನೆಯಲ್ಲೇ ಉಳಿದವು. ಹಿಸ್ಸೆ ಆದ ಜಮೀನಿನ ಹಾಗೆ ಕಾಗದಪತ್ರ ನಾಲ್ಕು ಕಡೆ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಹೆಸರುಗಳದು. ಆ ರಿಜಿಸ್ಟರಿಗೆ ಮನೆತನದ ಹೆಸರು ಮೊದಲು ಬೇಕು. ನಮ್ಮಲ್ಲಿ ಮೊದಲಿರುವುದು ಊರಿನ ಇನಿಶಿಯಲ್, ಆಮೇಲೆ ಅಪ್ಪನದು. ತಾತನ ಹೆಸರು ಮೊಮ್ಮಗನಿಗೆ, ಅವನದು ಅವನ ಮೊಮ್ಮಗನಿಗೆ. ಹೀಗೆ ಒಂದೇ ಹೆಸರು ತಲೆ ಬಿಟ್ಟು ತಲೆ ನಡೆದುಬಂದಿರುವಾಗ ‘ರಾವ್’ ಎಂದು ಹುಡುಕಿದವನಿಗೆ ಅರ್ಧ ಮೈಸೂರು ಸಂಸ್ಥಾನ ಸಿಗುತ್ತದೆ.

ಸೇರಿದವರಿಗೇ ನೆನಪಿರುತ್ತದೆ ಎಂಬ ಭರವಸೆಯೂ ಇಲ್ಲ. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ದರ್ಬಾರು ನಡೆಸಿ, 1800ರಲ್ಲಿ ದೋಂಡಿಯಾ ವಾಘನ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ 1790ರಲ್ಲಿ ಐರ್ಲೆಂಡಿನ ಟ್ರಿಮ್ ಎಂಬ ಊರಿನ ಲಾಡ್ಜಿಗೆ ಸೇರಿದ್ದ. ಅವನ ಅಪ್ಪ, ಅಣ್ಣ ಕೂಡ ಅಲ್ಲಿದ್ದವರೇ. ವೆಲಿಂಗ್ಟನ್ನಿನ ಡ್ಯೂಕ್ ಆಗಿ ಹಣ್ಣಾದ ಮೇಲೆ, 1851ರಲ್ಲಿ, ಯಾರೋ ಪತ್ರ ಬರೆದು ಕೇಳಿದರೆ, ತಾನು ಸೇರಿದ್ದ ನೆನಪೇ ಇಲ್ಲವೆಂದು ಉತ್ತರ ಕೊಟ್ಟ. ವಾಟರ್ಲೂ ಗೆದ್ದವನ ಗತಿಯೇ ಇದಾದರೆ ಅಠಾರಾ ಕಚೇರಿಯ ಗುಮಾಸ್ತರು ಮನೆಯಲ್ಲಿ ಹೇಳಲು ಮರೆತದ್ದೇನು ಹೆಚ್ಚು?

ಗಂಟು ಬಿಚ್ಚಿದ್ದು ಗುಂಡಿ ಡಬ್ಬಿಯಿಂದ. ಮೇಷ್ಟ್ರು ಯಾವುದಕ್ಕೂ ಇರಲೆಂದು ನಕ್ಷತ್ರದ ಫೋಟೋವನ್ನು ಬಸವನಗುಡಿಯ ಹಿರಿಯರೊಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸಿದರು. “ಇದು ನಮ್ಮ ತಂದೆಯವರ ಕೋಟಿನ ಮೇಲೂ ಇತ್ತಲ್ರೀ” ಎಂದು ಫೋನೇ ಬಂತು.

ಲಾಡ್ಜ್ ಎಂಬುದು ಫ್ರೀಮೇಸನ್ನರ ಆಸ್ತಿಯೇನಲ್ಲ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 1882ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನೆಲೆಸಿದ ಥಿಯಾಸಾಫಿಕಲ್ ಸೊಸೈಟಿ, ಅಂದರೆ ಹಿರಿಯರ ಬಾಯಲ್ಲಿನ ಬ್ರಹ್ಮವಿದ್ಯಾ ಸಮಾಜ, ತನ್ನ ಶಾಖೆಗಳಿಗೂ ಅದೇ ಹೆಸರಿಟ್ಟಿತ್ತು. ಹಳೇ ಮೈಸೂರಿನ ವಕೀಲರು, ಮೇಷ್ಟ್ರುಗಳು, ಗುಮಾಸ್ತರು ಸಂಜೆ ಹೊತ್ತು ಹೋಗುತ್ತಿದ್ದ ಲಾಡ್ಜ್ ಹೆಚ್ಚಾಗಿ ಇದು. ಜಾತಿ, ಮತ, ಬಣ್ಣ, ಗಂಡು ಹೆಣ್ಣೆಂಬ ಭೇದವಿಲ್ಲದ ಸೋದರತ್ವ ಅದರ ಮೊದಲ ಉದ್ದೇಶ. ಈ ಸೊಸೈಟಿಯ ಮುಂದಾಳು ಆನಿ ಬೆಸೆಂಟರು ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ತೆರೆಸಿದ್ದು 1917ರಲ್ಲಿ. ಹೆಂಗಸರನ್ನೂ ಸೇರಿಸಿಕೊಳ್ಳುವ ಇನ್ನೊಂದು ಮೇಸನ್ ಪಂಥವನ್ನು ಇಂಡಿಯಾಕ್ಕೆ ತಂದವರೂ ಅವರೇ ಆದ್ದರಿಂದ, ಥಿಯಾಸಫಿಸ್ಟರ ಮನೆಯಲ್ಲಿ ಏಪ್ರನ್ ಸಿಕ್ಕರೂ ಅಚ್ಚರಿಯಿಲ್ಲ. ಸಂಶೋಧಕರ ದಾರಿ ತಪ್ಪಿಸಲು ಇಷ್ಟು ಸಾಕು.

ಬೆಳ್ಳಿ ನಕ್ಷತ್ರ 1911ರಲ್ಲಿ ಶುರುವಾದ ‘ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್’ ಸದಸ್ಯರ ಗುರುತು. ಜಗದ್ಗುರು ಅವತರಿಸಲಿದ್ದಾನೆ, ನಮ್ಮ ಗಡಿಯಾಚೆಯ ಮದನಪಲ್ಲಿಯಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿ ಎಂಬ ಹುಡುಗನ ಮೂಲಕ ಬರುತ್ತಾನೆ ಎಂದು ನಂಬಿ ಕಾದವರು ಇವರು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್ ಎಂಬಲ್ಲಿ, ಸಾವಿರಾರು ಭಕ್ತರ ಎದುರಿಗೆ, ಆ ಕೃಷ್ಣಮೂರ್ತಿಯೇ ಸಂಘವನ್ನು ವಿಸರ್ಜಿಸಿಬಿಟ್ಟರು. ನನ್ನ ಹಿಂದೆ ಬರಬೇಡಿ ಎನ್ನುವ ಗುರು ಸಿಗುವುದು ಅಪರೂಪ. ಸಿಕ್ಕಾಗ ಶಿಷ್ಯರಿಗೆ ದಿಕ್ಕು ತೋಚದಂತಾಯಿತು. ಎಷ್ಟೋ ಜನ ಸೊಸೈಟಿಯನ್ನೇ ಬಿಟ್ಟರು. ತಾತನ ರಸೀತಿಗಳು ನಿಂತಿದ್ದೂ ಅದೇ ವರ್ಷ.

ಹಾಗಾದರೆ ಫ್ರೀಮೇಸನ್ನರ ಆಹ್ವಾನ ಪತ್ರಿಕೆ? ಅದನ್ನು ಯಾರೂ ತಿರುಗಿಸಿ ನೋಡಿರಲಿಲ್ಲ. ಹಿಂಬದಿಯಲ್ಲಿ ತಾತನ ಮುತ್ತಿನಂಥ ಅಕ್ಷರದಲ್ಲಿ, ಕಾಫಿ ಬೀಜ ಅರ್ಧ ವೀಸೆ, ಸೀಗೇಕಾಯಿ, ದೀಪದೆಣ್ಣೆ. ಯಾರೋ ಸಾಹೇಬರು ಎಸೆದ ದಪ್ಪ ಕಾಗದ, ಒಂದು ಮಗ್ಗುಲು ಖಾಲಿ ಇತ್ತು, ಗುಮಾಸ್ತರು ಮನೆಗೆ ತಂದರು.

ಅತ್ತೆಗೆ ಸಮಾಧಾನವಾಯಿತು. ಬ್ರಹ್ಮವಿದ್ಯೆಯವರೆಂದರೆ ಮಾಂಸ ಮುಟ್ಟದವರೆಂದು ಯಾರೋ ಹೇಳಿದ್ದರು. ಚಿಕ್ಕಪ್ಪನ ಮಗನಿಗೆ ಮಾತ್ರ ನಿಧಿಯ ಆಸೆ ಬತ್ತಿದ ಜಾಗದಲ್ಲಿ ಹೊಸ ಚಿಂತೆ ಮೊಳೆಯಿತು. ಕೊನೆಯ ರಸೀತಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಬಾಕಿ ಎರಡು ರೂಪಾಯಿ’ ಎಂದಿತ್ತು.

“ಅಣ್ಣಯ್ಯ, ಇದು ಪಹಣೀಲಿ ಋಣದ ಕಲಂಗೆ ಏರಲ್ಲ ತಾನೇ?”

“ಇಲ್ಲ ಕಣಪ್ಪ.”

“ಏರಿದ್ರೂ ಸರಿ. ಪಾಲಾದಾಗ ಕೆರೆ ಕೆಳಗಿನ ತೋಟ ನಿಮ್ಮ ಕಡೆಗೇ ಬಂದಿರೋದು, ಅದೊಂದು ನೆನಪಿರಲಿ.”